ಮುಚ್ಚಿಡದ ಮಾತು
ಕೊಳ್ಳೇಗಾಲದಲ್ಲಿ ಬಿ.ಕಾಂ. ಓದುತ್ತಲೇ ನಾನು ವಿಮಾ ಕಚೇರಿಯೊಂದರಲ್ಲಿ ಅಪ್ರೆಂಟಿಸ್ ಆಗಿದ್ದೆ. ಒಂದು ದಿನ ಅಧಿಕಾರಿಯೊಬ್ಬರು ಕ್ಲೇಮ್ ವಿಚಾರಣೆಗೆಂದು ನನ್ನನ್ನು ಕಾಮಗೆರೆಗೆ ಕರೆದೊಯ್ದರು. ಅಲ್ಲಿ ಮಹದೇವಮ್ಮ ಎಂಬುವರ ಗಂಡ ಲಿವರ್ ಕೆಟ್ಟು ತೀರಿಕೊಂಡಿದ್ದರು. ಪಾಲಿಸಿ ಮಾಡಿಸುವಾಗ, ಅವರಿಗೆ ಕುಡಿತದ ಅಭ್ಯಾಸವಿಲ್ಲ ಎಂದು ಏಜೆಂಟ್ ಬರೆದುಕೊಂಡಿದ್ದ.

"ಹೆಂಗಸರ ಹತ್ರ ನೀನೇ ಕೇಳಮ್ಮ, ಕೆಲಸ ಕಲಿ," ಎಂದರು ಅಧಿಕಾರಿ.

"ಅಮ್ಮಾ, ಪಾಲಿಸಿ ಮಾಡ್ಸಕ್ಕೆ ಮುಂಚೆ ಯಜಮಾನ್ರು ಕುಡೀತಿದ್ರಾ?"

"ಊ ಕಣವ್ವ, ಮದ್ವೆಗೂ ಮುಂಚಿಂದ್ಲೇ ಕುಡೀತಿದ್ರು."

"ಯೋಚ್ನೆ ಮಾಡಿ ಹೇಳಿ. ನಿಮ್ಮ ಮಾತಿನ ಮೇಲೇ ಕ್ಲೇಮ್ ದುಡ್ಡೆಲ್ಲಾ ನಿಂತಿರೋದು," ಎಂದೆ ಮೆಲ್ಲಗೆ. ಅಧಿಕಾರಿ ಕೆಮ್ಮಿದರು.

"ಊರ್ಗೆಲ್ಲ ಗೊತ್ತಿರೋದ್ನ ಮುಚ್ಚಿಟ್ಟು ಏನ್ಮಾಡ್ಲಿ? ಆ ಏಜೆಂಟ್‌ಗೂ ನಮ್ ಯಜಮಾನ್ರು ಇದ್ನ ಏಳಿದ್ರು. ಬರ್ಕೊ ಮೊಗಾ," ಎಂದು ಮಹದೇವಮ್ಮ ನನಗೆ ಕುಡಿಯಲು ನೀರು ತಂದುಕೊಟ್ಟರು.

ಬರೆದುಕೊಂಡೆ. ಏಜೆಂಟ್ ಕೆಲಸ ಬಿಟ್ಟು ಎಲ್ಲಿಗೋ ಹೋಗಿದ್ದರಿಂದ ಅವನಿಗೂ ಹೇಳಿದ್ದರೆಂಬ ಮಹದೇವಮ್ಮನವರ ಮಾತಿಗೆ ಸಾಕ್ಷಿ ಸಿಗಲಿಲ್ಲ. ಕ್ಲೇಮ್ ತಿರಸ್ಕಾರವಾಯಿತು. ಆ ಪತ್ರ ಟೈಪ್ ಮಾಡಿದ್ದೂ ನಾನೇ.

ಆ ವರ್ಷದ ಪರೀಕ್ಷೆಯಲ್ಲಿ, ವಿಮೆಯ ವಿಷಯದಲ್ಲಿ ಏನನ್ನೂ ಮುಚ್ಚಿಡಬಾರದೆಂಬ ತತ್ವವನ್ನು ಉದಾಹರಣೆಯೊಂದಿಗೆ ವಿವರಿಸಲು ಕೇಳಿದ್ದರು. ಹೆಸರು ಹೇಳದೆ ಮಹದೇವಮ್ಮನವರ ಬಗ್ಗೆಯೇ ಬರೆದೆ. ಪೂರ್ತಿ ಅಂಕ ಬಂತು, ನನಗೆ.