ಪತ್ರಿಗಿಡದ ಮೇಲಿನ ಹಿಕ್ಕೆ

ಇಂದು ಬೆಳಿಗ್ಗೆ ಬಾಲ್ಕನಿಯ ಕುಂಡದ ನಿಂಬೆಗಿಡದ ಎಲೆ ಮೇಲೆ ಹಕ್ಕಿಯ ಹಿಕ್ಕೆ ಕಂಡಿತು. ಒರೆಸಲು ಹೋದ ಕೈ ಅಲ್ಲೇ ನಿಂತಿತು.

ಬಸವಕಲ್ಯಾಣದ ನಮ್ಮ ಮಾಳಿಗೆ ಮೇಲೆ ಆಯಿ, ಅಂದರೆ ಅಪ್ಪನ ತಾಯಿ, ದೊಡ್ಡ ಕುಂಡದಲ್ಲಿ ಬಿಲ್ವಪತ್ರಿಯ ಗಿಡ ಬೆಳೆಸಿದ್ದಳು. ಲಿಂಗಕ್ಕೆ ತೂತಿಲ್ಲದ ಪತ್ರಿ ಏರಿಸದೆ ಬಾಯಿಗೆ ನೀರೂ ಹಾಕುವವಳಲ್ಲ. ಪತ್ರಿ ಕಿತ್ತು ತರುವವಳು ನಾನು. ಒಮ್ಮೆ ಬರೀ ಕಡಿದ ಎಲೆಗಳೇ ಸಿಗತೊಡಗಿದವು. ಅವುಗಳ ಮೇಲೆಲ್ಲ ಹಿಕ್ಕೆ.

"ಗುಬ್ಬಿ ಸತ್ಯಾನಾಶ ಮಾಡಾಕತ್ಯಾವ ನೋಡವ್ವಾ," ಎಂದು ಆಯಿ ಗಿಡಕ್ಕೆ ಹಳೆ ಸೀರೆ ಹೊದಿಸಿದಳು.

ಮೂರು ದಿನದಲ್ಲಿ ಗಿಡ ಮತ್ತಷ್ಟು ಬೋಳಾಯಿತು. ನಾಳೆ ಆಯಿ ಉಪವಾಸ ಬೀಳುತ್ತಾಳೆಂಬ ಹೆದರಿಕೆಗೆ ಸೀರೆಯೊಳಗೆ ತಲೆ ತೂರಿಸಿ ಒಳ್ಳೆಯ ಎಲೆ ಹುಡುಕಿದೆ. ಬೆರಳು ತಾಗಿದ ಹಿಕ್ಕೆ ತಲೆಯೆತ್ತಿ ಕೆಂಪು ಕೋಡು ಚಾಚಿತು. ಕೊಳೆತ ನಿಂಬೆಯಂಥ ವಾಸನೆ.

"ಆಯಿ, ಇವು ಹುಳ ಅವ!"

ಆಯಿ ಸೀರೆ ಕಿತ್ತೆಸೆದಳು. "ಅಯ್ಯ ಶಿವನೇ, ಇವನ್ನ ತಿನ್ನಾಕ ಬರೋ ಗುಬ್ಬೀನ ನಾನ ತಡದ್ನಲ್ಲವ್ವಾ!"

ಹುಳಗಳನ್ನು ಒಂದೊಂದಾಗಿ ಆರಿಸಿ ತೆಗೆದು, ಕುಂಡದ ಸುತ್ತ ಗುಬ್ಬಿಗಳಿಗೆಂದು ಜೋಳ ಚೆಲ್ಲಿದಳು.

ಇಂದು ನಿಂಬೆಗಿಡದ ಮುಂದೆ ನಿಂತು, ದೇವರೇ, ಇದು ಹಿಕ್ಕೆಯೇ ಆಗಿರಲಿ ಎಂದುಕೊಂಡೆ. ಆಮೇಲೆ ತಲೆಯೆತ್ತಿ ನೋಡಿದೆ. ಒಂದು ಹಕ್ಕಿಯೂ ಒಳಗೆ ಬಾರದಂತೆ ಬಾಲ್ಕನಿಗೆ ಬಲೆ ಕಟ್ಟಿಸಿದವಳು ನಾನೇ.