ನನ್ನ ನೆಗೆಣ್ಣಿಯ ಬೇನೆ

ಮಕ್ಕಳೇ, ನಮ್ಮ ಮನೆಯ ಮಗ್ಗಗಳ ಬಗ್ಗೆ ನಿಮ್ಮ ಅಜ್ಜ ಬಹಳ ಹೇಳಿದ್ದಾರೆ. ಆ ಮಗ್ಗಗಳಿಗೆ ನೂಲು ಸುತ್ತಿ ಕೊಡುತ್ತಿದ್ದ ನನ್ನ ನೆಗೆಣ್ಣಿಯ ಸುದ್ದಿಯನ್ನು ಯಾರೂ ಹೇಳಿಲ್ಲ. ಎದುರಿಗೆ ಕೂತು ಹೇಳಲು ನನಗೆ ಬಾಯಿ ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಾನು ಗಜೇಂದ್ರಗಡದ ಆ ಮನೆಗೆ ಸೊಸೆಯಾಗಿ ಬಂದಾಗ ಅವಳು ಬಂದು ಎಷ್ಟೋ ವರ್ಷವಾಗಿತ್ತು. ನಿಮ್ಮ ಅಜ್ಜನ ಅಣ್ಣ, ಅಂದರೆ ನನ್ನ ಭಾವನ ಹೆಂಡತಿ; ನಾನು ಅಕ್ಕಾ ಎನ್ನುತ್ತಿದ್ದೆ. ಗಂಡಸರು ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದರು. ನಾವಿಬ್ಬರೂ ರಾಟೆಯ ಮುಂದೆ ಕೂತು, ಲಾಳಿಯೊಳಗೆ ಕೂಡಿಸುವ ಕಂಡಿಕೆಗಳಿಗೆ ನೂಲು ಸುತ್ತುತ್ತಿದ್ದೆವು. ಅಕ್ಕನ ಕೈಯಲ್ಲಿ ಎಳೆ ಹರಿದದ್ದನ್ನು ನಾನು ಕಂಡಿರಲಿಲ್ಲ. ಹಾಡುತ್ತ ಸುತ್ತುವಳು. ನಾನು ಹಾಕಿದ ಗಂಟುಗಳನ್ನು ನೋಡಿ, "ಇದ ನೂಲೋ, ಬಾರಿಹಣ್ಣಿನ ಸರಾನೋ?" ಎಂದು ನಗಿಸುವಳು.

ಅವಳಿಗೆ ಮಕ್ಕಳಾಗಲಿಲ್ಲ. ಯಾವಗಲ್ಲ ಎಂಬ ಊರಿನಿಂದ ಭಾವನಿಗೆ ಎರಡನೆಯ ಹೆಣ್ಣು ತರುವುದೆಂದು ಅತ್ತೆ ನಿಶ್ಚಯಿಸಿದರು. ಮೊದಲಿನವಳು ಹಿರಿಯರೆದುರು ಹೂಂ ಎಂದರೆ ಸಾಕು, ಆಮೇಲೆ ಯಾರೂ ತಕರಾರು ಎತ್ತುತ್ತಿರಲಿಲ್ಲ. ನಮ್ಮ ಓಣಿಯ ರೂಢಿ ಹಾಗಿತ್ತು. ಹಿರಿಯರು ಬಂದು ಪಡಸಾಲೆಯಲ್ಲಿ ಕೂತರು. ಅಕ್ಕ ಬಾಗಿಲ ಮರೆಯಲ್ಲಿ ನಿಂತಿದ್ದಳು.

"ಹೂಂ ಅನ್ನವಾ. ಹಿರ್ಯಾರು ಎಷ್ಟೊತ್ತು ಕುಂಡ್ರಬೇಕು? ಚಹಾ ಆರಾಕತ್ತೈತಿ," ಎಂದರು ಅತ್ತೆ.

ಅಕ್ಕ ಹೂಂ ಅಂದಳು. ಹಿರಿಯರು ಚಹಾ ಕುಡಿದು, ಭಾಳ ಗುಣವಂತೆ ಎಂದು ಹೊಗಳಿ ಎದ್ದರು.

ಮದುವೆಯ ಸೀರೆ ಹೊರಗೆ ಯಾಕೆ ಕೊಳ್ಳಬೇಕು ಎಂದು ಭಾವ ತಾವೇ ನೇಯಲು ಕೂತರು. ಅದರ ಕಂಡಿಕೆ ಸುತ್ತುವುದು ಅಕ್ಕನ ಪಾಲಿಗೇ ಬಂತು. ಆಗ ಅವಳ ಕೈಯಲ್ಲಿ ಎಳೆ ಹರಿಯತೊಡಗಿತು. ಹಾಡು ನಿಂತಿತು. ಹಂಚಿನ ಮೇಲೆ ರೊಟ್ಟಿ ಕರಕಾದರೂ ಅದನ್ನೇ ನೋಡುತ್ತ ಕೂತಿರುವಳು. ಹೊಟ್ಟೆಕಿಚ್ಚಿಗೆ ಬೇಕಂತಲೇ ಹರಿಯುತ್ತಾಳೆ ಎಂದು ಅತ್ತೆ ಓಣಿಗೆಲ್ಲ ಹೇಳಿದರು. "ಕೈ ನನ್ನ ಮಾತ ಕೇಳವಲ್ಲವು ತಂಗಿ," ಎಂದು ಅಕ್ಕ ನನಗೊಬ್ಬಳಿಗೆ ಹೇಳಿದಳು.

ಮದುವೆಗೆಂದು ಬಳೆ ಇಡಿಸಲು ಬಂದ ಮುಸಲ್ಮಾನರ ಹೆಣ್ಣುಮಗಳು ಅಕ್ಕನ ಕೈ ಎತ್ತಿದಾಗ ಹಳೆಯ ಬಳೆಗಳು ಮೊಳಕೈತನಕ ಜಾರಿದವು. ಆಕೆ ತನ್ನ ಕೆಲಸ ಬಿಟ್ಟು, ಇವಳನ್ನು ದವಾಖಾನೆಗೆ ತೋರಿಸಿರಿ ಎಂದು ಭಾವನಿಗೆ ಹೇಳಿದಳು.

ಭಾವ ಮಗ್ಗದಿಂದ ಏಳದೆ ಉತ್ತರ ಕೊಟ್ಟರು: "ಜ್ವರಾ ಇಲ್ಲ, ಕೆಮ್ಮ ಇಲ್ಲ. ಡಾಕ್ಟರಗ ಏನಂತ ಹೇಳೂದು?"

ಖರೆ, ಏನಂತ ಹೇಳಬೇಕಿತ್ತೋ ನನಗೂ ತಿಳಿದಿರಲಿಲ್ಲ. ಮೈಗೆ ಬಂದ ಬೇನೆಗಳಿಗೆ ನಮ್ಮಲ್ಲಿ ಬೇಕಾದಷ್ಟು ಹೆಸರಿದ್ದವು. ಹೆಂಗಸಿನ ಮನಸ್ಸಿಗೆ ಬಂದದ್ದಕ್ಕೆ ಹೊಟ್ಟೆಕಿಚ್ಚು, ಸೊಕ್ಕು, ಇಲ್ಲವೆಂದರೆ ದೆವ್ವದ ಗಾಳಿ.

ಸೀರೆ ಮಗ್ಗದಿಂದ ಇಳಿದ ದಿನ ಅದಕ್ಕೆ ಅರಿಶಿನ ಕುಂಕುಮ ಹಚ್ಚಲು ಅಕ್ಕನನ್ನೇ ಕರೆದರು. ಹಚ್ಚಿದಳು. ತಿರುಗಿ ಬಂದು ರಾಟೆ ತಿರುಗಿಸತೊಡಗಿದಳು. ನೂಲು ಇರಲಿಲ್ಲ. ಆದರೂ ಬೆರಳುಗಳು ಎಳೆ ಹಿಡಿದಂತೆಯೇ ಇದ್ದವು. ಸಂಜೆಯಾದರೂ ಬಿಡಲಿಲ್ಲ, ನಾನೇ ಕೈ ಹಿಡಿದು ಎಬ್ಬಿಸಿದೆ. ಶಿರೋಳದಿಂದ ಅವಳ ಅಣ್ಣ ಬಂದು ತವರಿಗೆ ಕರೆದುಕೊಂಡು ಹೋದ.

ಮದುವೆ ಆಯಿತು. ಹೊಸಬಳಿಗೂ ಮಕ್ಕಳಾಗಲಿಲ್ಲ. ಆಗಲೂ ಎಲ್ಲರೂ ಅವಳ ಹೊಟ್ಟೆಯನ್ನೇ ನೋಡಿದರು, ಭಾವನನ್ನು ಯಾರೂ ಏನೂ ಕೇಳಲಿಲ್ಲ.

ಮುಂದೊಮ್ಮೆ ನರಗುಂದಕ್ಕೆ ಲಗ್ನಕ್ಕೆ ಹೋದಾಗ ನಿಮ್ಮ ಅಜ್ಜನ ಒಪ್ಪಿಗೆ ಪಡೆದು ಶಿರೋಳಕ್ಕೆ ಹೋದೆ. ಅಕ್ಕ ಮೈ ತುಂಬಿಕೊಂಡಿದ್ದಳು, ಹೊಲಕ್ಕೂ ಹೋಗುತ್ತಿದ್ದಳಂತೆ. ಗುರುತು ಹಿಡಿದು ನನ್ನ ಬೆನ್ನು ಸವರಿದಳು. ಗುಣವಾಗಿದ್ದಾಳೆ ಎಂದು ನನಗೆ ಹಗುರೆನಿಸಿತು.

ಉಣ್ಣಲು ಕೂತಾಗ ಅವಳ ತಾಯಿ ಕೇಳಿದರು: "ಬಿಸಿ ರೊಟ್ಟಿ ಹಾಕಲೋ, ಒಣಾ ಕಟಕ ರೊಟ್ಟಿನೋ ಮಗಳ?"

ಅಕ್ಕ ತಾಯಿಯ ಮುಖ ನೋಡಿದಳು. ಆಮೇಲೆ ನನ್ನ ಮುಖ. ಯಾವುದು ಅಂದರೆ ನಮಗೆ ಸಮಾಧಾನವೆಂದು ಹುಡುಕುತ್ತಿದ್ದಳು.

"ನಮ್ಮನ್ನ ಯಾಕ ನೋಡ್ತಿ? ನಿನಗ ಯಾವ್ದು ಬೇಕು?" ಎಂದು ಆ ತಾಯಿ ಎರಡನ್ನೂ ತಾಟಿನಲ್ಲಿಟ್ಟು ಕಾದರು. ಅಕ್ಕನ ಕೈ ಯಾವುದರ ಕಡೆಗೂ ಹೋಗಲಿಲ್ಲ. ಪಲ್ಯ ಆರಿತು. ಕೊನೆಗೆ ತಾಯಿಯೇ ರೊಟ್ಟಿ ಮುರಿದು ಬಾಯಿಗಿಟ್ಟರು. ಆಗ ಉಂಡಳು.