ಸೆನೆಟರ್ ತೊಳೆಯಬೇಕಾದ ಕಾವಲಿ

ಭಾನುವಾರ, ಬೆಳಗಿನ ಐದೂ ಕಾಲು. ಹಾವ್ರಾನ್ ಊರಿನ ಅಗ್ನಿಶಾಮಕ ಠಾಣೆಯಲ್ಲಿ ಆರ್ಲಿಸ್ ವೊಂದ್ರಾ ಕಾವಲಿಗೆ ಬೆಂಕಿ ಹಚ್ಚುತ್ತಿದ್ದಾರೆ.

ಬಾಗಿಲಿನಷ್ಟು ಅಗಲದ ಕಬ್ಬಿಣದ ಕಾವಲಿ. ಅದರ ಕೆಳಗಿನ ಗ್ಯಾಸ್ ಒಲೆಯ ಮೂರನೇ ಉರಿ ಎಂದಿನಂತೆ ಕೈಕೊಟ್ಟಿದೆ. ಆರ್ಲಿಸ್ ಮಂಡಿಯೂರಿ ಬಗ್ಗಿ, ಉದ್ದನೆಯ ಕಡ್ಡಿ ಗೀರಿ, ಒಲೆಗೂ ಒಲೆ ಮಾಡಿದವರಿಗೂ ಒಟ್ಟಿಗೇ ಬೈಯುತ್ತಾರೆ. ಅಗ್ನಿಶಾಮಕ ಲಾರಿಗಳು ಹೊರಗೆ ಇಬ್ಬನಿಯಲ್ಲಿ ನಿಂತಿವೆ. ಅವನ್ನು ಹೊರಗೆ ತಂದರೇನೇ ಒಳಗೆ ಮೇಜು ಹಾಕಲು ಜಾಗ. ಏಳು ಗಂಟೆಗೆ ಇಡೀ ಊರು ಪ್ಯಾನ್‌ಕೇಕ್ ತಿನ್ನಲು ಬರುತ್ತದೆ. ಅದೇ ಹೊತ್ತಿಗೆ ಸೆನೆಟರ್ ರೋಲಂಡ್ ಹಾರ್ಗ್ರೇವ್ ಕೂಡ ಬರುತ್ತಾರೆ.

ಹಾರ್ಗ್ರೇವ್ ಇಪ್ಪತ್ತನಾಲ್ಕು ವರ್ಷಗಳಿಂದ ನೆಬ್ರಾಸ್ಕದ ಸೆನೆಟರ್. ನವೆಂಬರ್‌ನಲ್ಲಿ ಐದನೇ ಸಲ ಆಯ್ಕೆ ಬಯಸಿದ್ದಾರೆ. ಅವರ ಎದುರಾಳಿ, ಈಗ ಮಂಡಿಯೂರಿ ಒಲೆಗೆ ಬೈಯುತ್ತಿರುವ ಐವತ್ತೆಂಟರ ಈ ಶಾಲಾ ಬಸ್ ಚಾಲಕಿ.

ಚುನಾವಣೆಯ ವರ್ಷ ಕಣದಲ್ಲಿರುವವರೆಲ್ಲ ಈ ಉಪಾಹಾರಕ್ಕೆ ಬಂದು, ಏಪ್ರನ್ ಕಟ್ಟಿಕೊಂಡು, ಕಾವಲಿಯ ಹಿಂದೆ ನಿಂತು ಬಡಿಸುವುದು ಹಾವ್ರಾನ್‌ನ ಪದ್ಧತಿ. ಗೋಡೆಯ ಮೇಲೆ ಕೆಂಪು ಬಣ್ಣದಲ್ಲಿ ಬರೆದಿದೆ: ‘ಈ ಸೂರಿನಡಿ ರಾಜಕೀಯ ಇಲ್ಲ’. ಯಾರಾದರೂ ಬಾಯಿಬಿಟ್ಟರೆ ಠಾಣೆಯ ಮುಖ್ಯಸ್ಥ ವರ್ಜಿಲ್ ಪೊಕೋರ್ನಿ, ಹಳೇ ಲಾರಿಯಿಂದ ಬಿಚ್ಚಿಟ್ಟ ಹಿತ್ತಾಳೆ ಗಂಟೆ ಬಾರಿಸುತ್ತಾರೆ. ಬಾಯಿಬಿಟ್ಟವರು ಕೊನೆಗೆ ಕಾವಲಿ ತೊಳೆಯಬೇಕು. ಪಾದ್ರಿ ತೊಳೆದಿದ್ದಾರೆ. ಬ್ಯಾಂಕ್ ಮ್ಯಾನೇಜರ್ ತೊಳೆದಿದ್ದಾರೆ. ವರ್ಜಿಲ್ ಅವರ ಹೆಂಡತಿಯೂ ತೊಳೆದು, ಆಮೇಲೆ ಒಂದು ವಾರ ಗಂಡನ ಜತೆ ಮಾತು ಬಿಟ್ಟಿದ್ದಾರೆ.

‘ಹದಿನಾಲ್ಕು ತಿಂಗಳಿಂದ ಆ ಮನುಷ್ಯನ ಮುಖಾಮುಖಿ ನಿಲ್ಲಬೇಕು ಅಂತ ಒದ್ದಾಡ್ತಿದೀನಿ’ ಎನ್ನುತ್ತಾರೆ ಆರ್ಲಿಸ್, ಏಳುವಾಗ ಸೊಂಟ ಹಿಡಿದುಕೊಂಡು. ‘ಇವತ್ತು ಪಕ್ಕದಲ್ಲೇ ನಿಲ್ತಾರೆ. ಮೊಣಕೈಗೆ ಮೊಣಕೈ ತಾಗತ್ತೆ. ನಾನು ಕೇಳಬಹುದಾದ್ದು ಏನು? ಹಿಟ್ಟು ಗಟ್ಟಿ ಆಯ್ತಾ, ತೆಳ್ಳಗಾಯ್ತಾ!’

ಕೇಳಬೇಕಾಗಿರುವುದು ಬೇರೆ. ಕೀಲರ್ ಕೌಂಟಿ ಆಸ್ಪತ್ರೆಯ ಹೆರಿಗೆ ವಿಭಾಗ ಮುಚ್ಚಿ ಎರಡು ವರ್ಷವಾಗಿದೆ. ಸರ್ಕಾರದ ನೆರವು ಕಡಿತವಾದರೆ ಮುಚ್ಚಬೇಕಾಗುತ್ತದೆ ಎಂದು ಆಸ್ಪತ್ರೆಯವರು ಮೊದಲೇ ಸೆನೆಟರ್‌ಗೆ ತಿಳಿಸಿದ್ದರು. ಆಮೇಲೂ ಅವರು ಕಡಿತದ ಪರವಾಗಿಯೇ ಓಟು ಹಾಕಿದರು. ಯಾಕೆ? ಆರ್ಲಿಸ್ ಅವರ ಪ್ರಶ್ನೆ ಇಷ್ಟೇ. ಅದನ್ನು ಈ ಊರಿನವರ ಮುಂದೆ ಕೇಳಬೇಕು, ಸೆನೆಟರ್ ಇವರ ಮುಂದೆಯೇ ಉತ್ತರಿಸಬೇಕು.

ಈಗ ಹೆರಿಗೆಗೆ ಎಪ್ಪತ್ತು ಮೈಲಿ ಹೋಗಬೇಕು. ಆ ದಾರಿ ಆರ್ಲಿಸ್‌ಗೆ ಅಂಗೈ ಗೆರೆಯಷ್ಟೇ ಪರಿಚಿತ, ಏಕೆಂದರೆ ಠಾಣೆಯ ಆಂಬುಲೆನ್ಸ್‌ಗೆ ಅವರು ಸಂಬಳವಿಲ್ಲದ ಚಾಲಕಿ. ‘ವಾರವಿಡೀ ಬಸ್ಸಲ್ಲಿ ಮಕ್ಕಳನ್ನ ಶಾಲೆಗೆ ಬಿಡ್ತೀನಿ. ಉಳಿದ ಹೊತ್ತು ಆಂಬುಲೆನ್ಸಲ್ಲಿ ಅವರ ಅಮ್ಮಂದಿರನ್ನ ಆಸ್ಪತ್ರೆಗೆ ಬಿಡ್ತೀನಿ. ಹಿಂದಿನ ಸೀಟಿನ ಕಿರುಚಾಟ ಎರಡರಲ್ಲೂ ಒಂದೇ.’

ಅವರು ಅಭ್ಯರ್ಥಿಯಾದ ಕಥೆಯನ್ನು ಅವರ ನಾದಿನಿ ಜೋಲೀನ್ ಕೇಳಿದವರಿಗೆಲ್ಲ ಹೇಳುತ್ತಾರೆ. ಜೋಲೀನ್ ಕ್ಷೌರದಂಗಡಿ ನಡೆಸುತ್ತಾರೆ, ಪ್ರಚಾರದ ಉಸ್ತುವಾರಿಯೂ ಅವರದೇ. ಪಕ್ಷದ ಜಿಲ್ಲಾ ಸಭೆಯಲ್ಲಿ ಹಾರ್ಗ್ರೇವ್ ಎದುರು ಯಾರು ನಿಲ್ಲುತ್ತೀರಿ ಎಂದು ಕೇಳಿದಾಗ ಎಲ್ಲರೂ ನೆಲ ನೋಡಿದರಂತೆ. ಕಾಫಿ ತುಂಬಿಸಿಕೊಳ್ಳಲು ಆರ್ಲಿಸ್ ಎದ್ದರಂತೆ. ಚಪ್ಪಾಳೆ ಬಿತ್ತಂತೆ.

‘ಸುಳ್ಳು’ ಎನ್ನುತ್ತಾರೆ ಆರ್ಲಿಸ್. ‘ಕಾಫಿ ತುಂಬಿಸಿಕೊಂಡು ವಾಪಸ್ ಬಂದು, ಕೂತು, ಆಮೇಲೆ ಕೈ ಎತ್ತಿದ್ದು.’

ಸಮೀಕ್ಷೆಗಳಲ್ಲಿ ಅವರು ಇಪ್ಪತ್ತೊಂದು ಅಂಕ ಹಿಂದಿದ್ದಾರೆ. ಅದು ಅವರಿಗೆ ಬೇಸರವಲ್ಲ. ಬೇಸರದ ಸಂಗತಿಗಳು ಬೇರೆ ಇವೆ. ಟಿವಿ ವಾಹಿನಿಯೊಂದು ಇಬ್ಬರ ನಡುವೆ ಚರ್ಚೆ ಏರ್ಪಡಿಸಲು ಮುಂದೆ ಬಂತು, ಅದು ಸೂಚಿಸಿದ ಒಂದು ದಿನವೂ ಸೆನೆಟರ್‌ಗೆ ಹೊಂದಲಿಲ್ಲ. ಇನ್ನು ಅಂಗಳದಲ್ಲಿ ನೆಡುವ ಬೋರ್ಡುಗಳು. ಆರ್ಲಿಸ್ ಹೆಸರಿನ ನೀಲಿ ಬೋರ್ಡುಗಳು ಗ್ಯಾರೇಜಿನಲ್ಲಿ ಆಳೆತ್ತರ ಪೇರಿಸಿ ಬಿದ್ದಿವೆ. ಮನೆಮನೆಗೆ ಹೋದರೆ ಎಲ್ಲರೂ ಒಳಗೆ ಕರೆಯುತ್ತಾರೆ, ಕೊಲಾಚೆ ಎಂಬ ಹೂರಣದ ಬನ್ನು ಕೊಡುತ್ತಾರೆ, ಏಪ್ರಿಕಾಟ್‌ದು ಬೇಕಾ ಗಸಗಸೆದು ಬೇಕಾ ಎಂದು ವಿಚಾರಿಸುತ್ತಾರೆ. ‘ಓಟು ನಿನಗೇ ಕಣೇ, ಬೋರ್ಡ್ ಮಾತ್ರ ಬೇಡ, ಅಕ್ಕಪಕ್ಕದವರು ನೋಡ್ತಾರೆ’ ಎನ್ನುತ್ತಾರೆ.

‘ಅಕ್ಕಪಕ್ಕದವರೂ ಇದನ್ನೇ ಹೇಳ್ತಾರೆ!’ ಆರ್ಲಿಸ್ ಹಿಟ್ಟು ಕಲಕುವ ರಭಸಕ್ಕೆ ನೆಲಕ್ಕೆಲ್ಲ ಚೆಲ್ಲುತ್ತದೆ. ‘ಇಡೀ ಬೀದಿ ನನಗೇ ಓಟು ಹಾಕತ್ತಂತೆ. ಇಡೀ ಬೀದಿಲಿ ಒಂದು ಬೋರ್ಡಿಲ್ಲ. ಒಬ್ಬರಿಗೊಬ್ಬರು ಹೆದರಿಕೊಂಡು ಕೂತಿದಾರೆ, ಮಧ್ಯೆ ನಾನು ಕೊಲಾಚೆ ತಿಂದು ದಪ್ಪ ಆಗ್ತಿದೀನಿ.’

ಎಲ್ಲಕ್ಕಿಂತ ದೊಡ್ಡ ತಲೆನೋವು ಫೋನಿನದು. ಹಿಂದೊಮ್ಮೆ ತಮ್ಮ ಅಣ್ಣನ ಮಾಜಿ ಸೈನಿಕರ ಪಿಂಚಣಿ ಸಿಕ್ಕಿಹಾಕಿಕೊಂಡಾಗ ಆರ್ಲಿಸ್ ಸೆನೆಟರ್ ಕಚೇರಿಯ ಸಹಾಯವಾಣಿಗೆ ಫೋನ್ ಮಾಡಿ ಬಿಡಿಸಿದ್ದರು. ಅಲ್ಲಿನ ಡಾನಾ ಎಂಬಾಕೆ ಒಳ್ಳೆಯವಳು, ಚುರುಕು. ಸುದ್ದಿ ಹರಡಿತು. ಅಂದಿನಿಂದ ಊರಿನಲ್ಲಿ ಯಾರ ಪಾಸ್‌ಪೋರ್ಟ್ ತಡವಾದರೂ, ಯಾರ ಪಿಂಚಣಿ ನಿಂತರೂ ಆರ್ಲಿಸ್ ಮನೆ ಬಾಗಿಲಿಗೆ ಬರುತ್ತಾರೆ. ಇವರು ಫೋನ್ ಮಾಡುತ್ತಾರೆ. ಕೆಲಸ ಆಗುತ್ತದೆ. ಆಮೇಲೆ ಆ ಮನೆಗೆ ಸೆನೆಟರ್ ಸಹಿಯ ಕಾರ್ಡ್ ಬರುತ್ತದೆ: ನಿಮಗೆ ನೆರವಾಗಿದ್ದು ನನ್ನ ಭಾಗ್ಯ.

‘ಅತ್ತಿಗೆ, ನೀನು ಅವನ ವಿರುದ್ಧ ನಿಂತಿದೀಯೋ, ಅವನ ಕಚೇರೀಲಿ ಕೆಲಸಕ್ಕಿದೀಯೋ?’ ಜೋಲೀನ್ ಸಾಸೇಜ್ ತಟ್ಟೆ ಇಳಿಸುತ್ತಾ ಕೇಳುತ್ತಾರೆ. ‘ಈ ಕೌಂಟೀಲಿ ಅವನಿಗೆ ಬೀಳೋ ಓಟಲ್ಲಿ ಅರ್ಧ ನೀನು ದುಡಿದು ಕೊಟ್ಟಿದ್ದು.’

‘ಕಿವಿ ಕೇಳದ ಮುದುಕ ಬಂದು ಬಾಗಿಲು ತಟ್ಟಿದ್ರೆ ಏನ್ ಮಾಡ್ಲಿ? ಚುನಾವಣೆ ಆದ್ಮೇಲೆ ಬಾ ಅನ್ಲಾ?’

‘ಅನ್ನು! ಒಂದ್ಸಲ ಅಂದು ನೋಡು!’

ಆರ್ಲಿಸ್ ಅನ್ನುವುದಿಲ್ಲ. ಜೋಲೀನ್‌ಗೂ ಗೊತ್ತು.

ಏಳಕ್ಕೆ ಸರಿಯಾಗಿ ಸೆನೆಟರ್ ಬರುತ್ತಾರೆ. ಇಸ್ತ್ರಿ ಹಾಕಿದ ಜೀನ್ಸ್, ಬೀಜದ ಕಂಪನಿಯ ಟೋಪಿ. ಅವರು ಇದೇ ಕೌಂಟಿಯವರು. ಬಾಗಿಲಿನಿಂದ ಕಾವಲಿಯವರೆಗೆ ಬರುವಷ್ಟರಲ್ಲಿ ಹತ್ತಾರು ಜನರನ್ನು ಹೆಸರು ಹಿಡಿದು ಮಾತನಾಡಿಸುತ್ತಾರೆ. ‘ಆರ್ಲಿಸ್! ಕೈ ಹೇಗಿದೆ, ಪಳಗಿದೆಯಾ?’ ಎಂದು ಸಟ್ಟುಗ ಎತ್ತಿಕೊಳ್ಳುತ್ತಾರೆ. ಅವರು ಪ್ಯಾನ್‌ಕೇಕ್ ಮಗುಚುವುದು ಚೆನ್ನಾಗಿಯೇ. ಒಂದೂ ಹರಿಯುವುದಿಲ್ಲ. ಆರ್ಲಿಸ್ ಅವರ ಕಡೆಯ ಮೂರನೇ ಉರಿ ಮತ್ತೆ ಆರಿದೆ, ಅವರವು ಒಂದು ಬದಿ ಬಿಳುಚಿಕೊಂಡೇ ಏಳುತ್ತಿವೆ. ಜನ ಸೆನೆಟರ್ ಕಡೆಯ ಸಾಲಿಗೆ ಜರುಗುತ್ತಾರೆ.

ಸಾಲಿನಲ್ಲಿ ಎಂಬತ್ತು ದಾಟಿದ ಎಮಿಲ್ ಶಾಫರ್ ತಟ್ಟೆ ಹಿಡಿದು ಬರುತ್ತಾರೆ. ಹಿಂದೆ ಫಿರಂಗಿ ದಳದಲ್ಲಿದ್ದವರು. ಅವರ ಎರಡೂ ಕಿವಿಯಲ್ಲಿ ಹೊಸ ಶ್ರವಣ ಯಂತ್ರ. ಕಳೆದ ಬೇಸಿಗೆಯಲ್ಲಿ ಅದಕ್ಕಾಗಿ ಆರ್ಲಿಸ್ ಎಷ್ಟು ಸಲ ಡಾನಾಗೆ ಫೋನ್ ಮಾಡಿದರೋ ಲೆಕ್ಕವಿಲ್ಲ.

‘ಸೆನೆಟರ್, ನಿಮ್ಮ ದಯೆಯಿಂದ ಈಗ ಹಕ್ಕಿ ಕೂಗೋದೂ ಕೇಳತ್ತೆ’ ಎನ್ನುತ್ತಾರೆ ಎಮಿಲ್, ಇಡೀ ಠಾಣೆಗೆ ಕೇಳುವಂತೆ.

‘ಅದಕ್ಕೇ ಅಲ್ವಾ ನಾನಿರೋದು, ಎಮಿಲ್.’

ಆರ್ಲಿಸ್ ಒಂದು ಪ್ಯಾನ್‌ಕೇಕನ್ನು ಅಗತ್ಯಕ್ಕಿಂತ ಜೋರಾಗಿ ಮಗುಚುತ್ತಾರೆ. ಅದು ಅರ್ಧ ಕಾವಲಿಯ ಮೇಲೆ, ಅರ್ಧ ಸೆನೆಟರ್ ಬೂಟಿನ ಮೇಲೆ ಬೀಳುತ್ತದೆ.

ಎಮಿಲ್ ಹಿಂದೆ ಮರಿಸೋಲ್ ಒರ್ಟೇಗಾ ನಿಂತಿದ್ದಾರೆ. ಶಾಲೆಯ ಅಡುಗೆಮನೆಯಲ್ಲಿ ಕೆಲಸ ಮಾಡುವ ಯುವತಿ; ಸೊಂಟದ ಮೇಲೆ ಏಳು ತಿಂಗಳ ಮಗು. ಮಗು ಕಂಡ ಕೂಡಲೇ ಸೆನೆಟರ್ ಸಟ್ಟುಗ ಇಟ್ಟು ಕೈ ಒರೆಸಿಕೊಳ್ಳುತ್ತಾರೆ, ಅವರ ಸಹಾಯಕ ಕ್ಯಾಮೆರಾ ಎತ್ತುತ್ತಾನೆ. ಮಗು ಕಂಡಲ್ಲೆಲ್ಲ ಸೆನೆಟರ್ ಕೇಳುವ ಪ್ರಶ್ನೆಯೊಂದಿದೆ. ಇಪ್ಪತ್ತನಾಲ್ಕು ವರ್ಷಗಳಿಂದ ಈ ಕೌಂಟಿಯಲ್ಲಿ ಅದನ್ನೇ ಕೇಳಿದ್ದಾರೆ.

‘ಯಾರಮ್ಮ ಈ ಸುಂದರಿ? ಹುಟ್ಟಿದ್ದು ನಮ್ಮ ಕೀಲರ್ ಕೌಂಟಿ ಆಸ್ಪತ್ರೇಲಿ ತಾನೆ? ನಾನೂ ಅಲ್ಲೇ ಹುಟ್ಟಿದವನು!’

ಮರಿಸೋಲ್ ಒಂದು ಕ್ಷಣ ಆರ್ಲಿಸ್ ಮುಖ ನೋಡುತ್ತಾರೆ. ಆರ್ಲಿಸ್ ಕಾವಲಿ ನೋಡುತ್ತಾರೆ.

‘ಇಲ್ಲ ಸೆನೆಟರ್. ಅಲ್ಲಿ ಈಗ ಹೆರಿಗೆ ಮಾಡಿಸಲ್ವಲ್ಲ. ಇವಳು ಹುಟ್ಟಿದ್ದು ಹೈವೇಲಿ, ಜೋಳದ ಗೋದಾಮು ದಾಟಿದ ಮೇಲೆ. ಹಿಮ ಬೀಳ್ತಿತ್ತು. ಆಂಬುಲೆನ್ಸ್ ನಿಲ್ಲಿಸಿ ಹಿಂದೆ ಬಂದು ಎತ್ತಿಕೊಂಡವರು ನಿಮ್ಮ ಪಕ್ಕದಲ್ಲೇ ಇದಾರೆ.’

ಸಹಾಯಕ ಕ್ಯಾಮೆರಾ ಇಳಿಸುತ್ತಾನೆ. ಸೆನೆಟರ್ ನಗುತ್ತಲೇ ಇದ್ದಾರೆ, ಆದರೆ ಮಗುವಿಗೆ ಚಾಚಿದ ಕೈ ಅಲ್ಲೇ ನಿಂತಿದೆ.

‘ನೋಡಮ್ಮ, ಅದು ಆಸ್ಪತ್ರೆ ಆಡಳಿತದ ತೀರ್ಮಾನ. ನಾನು ಆವತ್ತು ಯಾಕೆ ಹಾಗೆ ಓಟು ಹಾಕಿದೆ ಅಂದ್ರೆ…’

ಢಣ್! ಢಣ್!

ವರ್ಜಿಲ್ ಗಂಟೆಯ ಹಗ್ಗ ಹಿಡಿದು ನಿಂತಿದ್ದಾರೆ. ‘ರಾಜಕೀಯ, ಸೆನೆಟರ್. ಕಾವಲಿ ನಿಮ್ಮದು.’

ಠಾಣೆ ಒಂದೇ ಸಲಕ್ಕೆ ನಗುತ್ತದೆ. ಸೆನೆಟರ್ ಎರಡೂ ಕೈ ಎತ್ತಿ ತಪ್ಪೊಪ್ಪಿಕೊಳ್ಳುತ್ತಾರೆ. ನಗದೇ ಇರುವವರು ಒಬ್ಬರೇ. ಆರ್ಲಿಸ್ ಸಟ್ಟುಗ ಹಿಡಿದೇ ವರ್ಜಿಲ್ ಕಡೆ ನುಗ್ಗುತ್ತಾರೆ.

‘ಹದಿನಾಲ್ಕು ತಿಂಗಳು ಕಣೋ! ಆ ಒಂದು ಮಾತಿಗೆ ಹದಿನಾಲ್ಕು ತಿಂಗಳು ಕಾದಿದೀನಿ! ಯಾಕೆ ಅಂದ್ರೆ ಅಂದ್ರು, ಬಾಯಿ ತೆರೆದಿತ್ತು! ಇನ್ನರ್ಧ ನಿಮಿಷ ತಡೀಬಾರದಿತ್ತಾ ನೀನು?’

‘ನಿಯಮ ಅಂದ್ರೆ ನಿಯಮ, ಆರ್ಲಿಸ್.’

‘ನಿನ್ನ ನಿಯಮಕ್ಕಿಷ್ಟು…’

‘ಜಾಗ್ರತೆ, ಮುಂದಿನ ಮಾತು ರಾಜಕೀಯ ಆದೀತು.’

ಒಂಬತ್ತಕ್ಕೆ ಮೇಜುಗಳು ಖಾಲಿಯಾಗುತ್ತವೆ. ಸಹಾಯಕ ಗಡಿಯಾರ ತೋರಿಸುತ್ತಾನೆ. ಮುಂದಿನ ಊರಿನಲ್ಲಿ ಜನ ಕಾಯುತ್ತಿದ್ದಾರೆ. ಸೆನೆಟರ್ ಏಪ್ರನ್ ಬಿಚ್ಚಿ, ಜಿಡ್ಡುಗಟ್ಟಿದ ಕಾವಲಿಯನ್ನೂ ಆರ್ಲಿಸ್‌ರನ್ನೂ ನೋಡಿ, ಭುಜ ತಟ್ಟುತ್ತಾರೆ.

‘ಇದೊಂದು ನೀವು ನೋಡ್ಕೋತೀರಲ್ಲ, ಆರ್ಲಿಸ್?’

‘ಹೂಂ’ ಎನ್ನುತ್ತಾರೆ ಆರ್ಲಿಸ್.

ಕಾರು ರಸ್ತೆಗೆ ಇಳಿದ ಮೇಲೆ ತಾವು ಅಂದದ್ದೇನು ಎಂಬುದು ಆರ್ಲಿಸ್‌ಗೆ ಹೊಳೆಯುತ್ತದೆ. ‘ಹೂಂ ಅಂದೆ! ಕೇಳಿದ್ಯಾ ಜೋಲೀನ್? ನನ್ನ ಬಾಯಿಗೆ ಏನು ಬಂದಿದೆ?’

‘ಅದೇ ಅಭ್ಯಾಸ’ ಎನ್ನುತ್ತಾರೆ ಜೋಲೀನ್.

ಬೈದುಕೊಳ್ಳುತ್ತಲೇ ಆರ್ಲಿಸ್ ಕೆರೆಯುವ ಪಟ್ಟಿ ಎತ್ತಿಕೊಂಡು ಕಾವಲಿಯ ಮೇಲೆ ಬಿಸಿನೀರು ಸುರಿಯಲು ಹೋಗುತ್ತಾರೆ. ಬಿಸಿ ಇರುವಾಗಲೇ ಕೆರೆದರೆ ಸುಲಭ, ಆರಿದರೆ ಕಲ್ಲಾಗುತ್ತದೆ. ಕೊನೆಯ ಕಾಫಿ ಕುಡಿಯುತ್ತಿದ್ದ ಎಮಿಲ್ ಎದ್ದು ಬಂದು ಅಡ್ಡ ನಿಲ್ಲುತ್ತಾರೆ.

‘ಬಿಡಮ್ಮ. ಅದು ಅವನ ಕೆಲಸ.’

‘ನಿಮ್ಮ ಕಿವಿ ಯಂತ್ರಾನೂ ಅವರ ಕೆಲಸಾನೇ ಆಗಿತ್ತು, ಎಮಿಲ್.’

ಎಮಿಲ್ ಲೋಟ ಕೆಳಗಿಡುತ್ತಾರೆ. ‘ಫೋನ್ ಮಾಡಿದ್ದು ಯಾರು ಅಂತ ನಂಗೊತ್ತು.’

‘ಗೊತ್ತಿದ್ದೂ ಅವರಿಗ್ಯಾಕೆ ಹೇಳಿದ್ರಿ?’

‘ನೀನೂ ಪಕ್ಕದಲ್ಲೇ ಇದ್ಯಲ್ಲ. ಕೇಳಿಸ್ಕೋತೀಯ ಅಂದ್ಕೊಂಡೆ.’

ಅಷ್ಟರಲ್ಲಿ ವರ್ಜಿಲ್ ಬಂದು ಆರ್ಲಿಸ್ ಕೈಯಿಂದ ಪಟ್ಟಿ ಕಿತ್ತುಕೊಂಡು, ಗಂಟೆಯ ಪಕ್ಕದ ಮೊಳೆಗೆ ನೇತುಹಾಕುತ್ತಾರೆ. ಪಾದ್ರಿ ತೊಳೆದಿದ್ದಾರೆ, ತನ್ನ ಹೆಂಡತಿ ತೊಳೆದಿದ್ದಾಳೆ, ಆದ್ದರಿಂದ ಈ ಕಾವಲಿಯನ್ನು ಬೇರೆ ಯಾರೂ ಮುಟ್ಟಕೂಡದು ಎನ್ನುತ್ತಾರೆ. ಇದು ರಾಜಕೀಯವಾಯಿತಲ್ಲ ಎಂದು ಜೋಲೀನ್ ಕೆಣಕಿದರೆ, ಅಲ್ಲ, ಪಾತ್ರೆ ತೊಳೆಯುವ ವಿಷಯ ಎನ್ನುತ್ತಾರೆ. ಆಮೇಲೆ ಜೇಬಿನಿಂದ ಪೆನ್ನು ತೆಗೆಯುತ್ತಾರೆ.

‘ಆರ್ಲಿಸ್, ಆ ಡಾನಾ ನಂಬರ್ ಕೊಡು.’

ಸೋಮವಾರ ಬೆಳಿಗ್ಗೆ ಆರ್ಲಿಸ್ ಮಕ್ಕಳನ್ನು ಶಾಲೆಗೆ ಇಳಿಸಿ, ಬಸ್ಸನ್ನು ಠಾಣೆಯ ಮುಂದೆ ನಿಲ್ಲಿಸಿ ಒಳಗೆ ಬರುವ ಹೊತ್ತಿಗೆ ವರ್ಜಿಲ್ ಫೋನಿನಲ್ಲಿದ್ದಾರೆ. ಡಾನಾ ಯಾವ ವಿಭಾಗದ ದೂರು ಎಂದು ಕೇಳಿದ್ದಾಳೆ. ಅಗ್ನಿಶಾಮಕ ಎಂದಿದ್ದಾರೆ. ಸಮಸ್ಯೆ ಏನು ಎಂದು ಕೇಳಿದ್ದಾಳೆ. ಸೆನೆಟರ್ ಕಾವಲಿ ತೊಳೆಯದೆ ಹೋದರು ಎಂದಿದ್ದಾರೆ. ಅವಳು ನಗದೆ ಎಲ್ಲವನ್ನೂ ಬರೆದುಕೊಂಡು, ವಿಚಾರಿಸಿ ತಿಳಿಸುತ್ತೇನೆ ಎಂದಿದ್ದಾಳೆ.

‘ಜಿಡ್ಡು ಗಟ್ಟಿಯಾಗ್ತಿದೆ’ ಎನ್ನುತ್ತಾರೆ ಆರ್ಲಿಸ್, ದೂರದಿಂದಲೇ ಉಗುರಿನಲ್ಲಿ ಕೆರೆಯುವಂತೆ ಬೆರಳಾಡಿಸುತ್ತಾ. ‘ನೋಡಕ್ಕಾಗ್ತಿಲ್ಲ ನಂಗೆ. ಕೈ ಕಡೀತಿದೆ.’

‘ಕಡೀಲಿ’ ಎನ್ನುತ್ತಾರೆ ವರ್ಜಿಲ್.

ಸೆನೆಟರ್ ಕಚೇರಿಯಿಂದ ಆ ವಾರ ಉತ್ತರ ಬರಲಿಲ್ಲ. ಮುಂದಿನ ಭಾನುವಾರ ಶಾಲೆಯ ಫುಟ್‌ಬಾಲ್ ತಂಡಕ್ಕಾಗಿ ನಡೆದ ಉಪಾಹಾರಕ್ಕೆ ಹಾವ್ರಾನ್‌ನವರು ಲೂಥರನ್ ಚರ್ಚಿನಿಂದ ಬೇರೊಂದು ಕಾವಲಿ ಕೇಳಿ ತಂದರು. ಠಾಣೆಯ ಕಾವಲಿಯನ್ನು, ತೊಳೆಯದೆ, ಬಾಗಿಲಿನ ಪಕ್ಕ ಎಲ್ಲರಿಗೂ ಕಾಣುವಂತೆ ಗೋಡೆಗೆ ಒರಗಿಸಿಟ್ಟಿದ್ದಾರೆ.